ಕಸ್ತೂರಿಬಾಯಿಯ ಪಾಳಿ

ಆಳಂದ
6 ನವೆಂಬರ್ 2025, ಗುರುವಾರ

ಪ್ರೀತಿಯ ರಾಧಿಕಾ,

ನಿನ್ನ ಗಂಟಲು ಹೇಗಿದೆ? ಕೊಳಕೂರಿನ ಶಾಲೆಯಲ್ಲಿ ಅರವತ್ತು ಮಕ್ಕಳ ಮುಂದೆ ದಿನವೆಲ್ಲ ಚೀರಿದರೆ ಗಂಟಲು ಉಳಿಯುತ್ತದೆಯೇ? ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು, ನಾಳೆ ನಾಡಿದ್ದು ಅನ್ನಬೇಡ. ಅಳಿಯಂದಿರೂ ಮೊಮ್ಮಗಳು ಮೈತ್ರಿಯೂ ಆರಾಮವೆಂದು ತಿಳಿದಿದ್ದೇನೆ. ನನ್ನ ಮಂಡಿ ಮೊದಲಿನ ಹಾಗೆಯೇ ಇದೆ, ಮೆಟ್ಟಿಲು ಕಂಡರೆ ಬೈಯುತ್ತದೆ. ಫೋನ್ ಬಿಟ್ಟು ಅವ್ವ ಕಾಗದ ಯಾಕೆ ಬರೆದಳೆಂದು ನಗಬಹುದು. ನಾನು ಫೋನಿನಲ್ಲಿ ಮಾತಾಡಿದರೆ ಇಡೀ ಓಣಿಗೆ ಕೇಳಿಸುತ್ತದೆ. ಈ ಮಾತು ಕೇಳಿಸಬಾರದು.

ನಮ್ಮ ಓಣಿಯ ಮುದುಕರೆಲ್ಲ ಸೇರಿ ಒಂದು ಕಾರಭಾರ ನಡೆಸಿದ್ದೇವೆ. ದವಾಖಾನೆಯ ಸುನಿತಾ ಸಿಸ್ಟರ್ ಜುಲೈನಲ್ಲಿ ನಮ್ಮನ್ನೆಲ್ಲ ಕೂಡಿಸಿ, "ಹಗಲಿನ್ಯಾಗ ಓಣ್ಯಾಗ ಉಳಿಯವ್ರು ನೀವೇ ಅದೀರಿ. ಒಬ್ಬರನ್ನ ಒಬ್ಬರು ನೋಡ್ಕೋರಿ" ಎಂದಳು. ಅಂದಿನಿಂದ ಪ್ರತಿಯೊಬ್ಬರಿಗೂ ಒಂದೊಂದು ಬಾಗಿಲು. ಬೆಳಿಗ್ಗೆ ಏಳಕ್ಕೆ ಹೋಗಿ ಮೂರು ಸಲ ಬಡಿಯಬೇಕು. ಒಳಗಿದ್ದವರು ತಾವೇ ಬಂದು ಬಾಗಿಲು ತೆರೆದು "ಅದೀನ್ರಿ" ಅನ್ನಬೇಕು. ಅನ್ನದಿದ್ದರೆ ಓಣಿಯ ತುದಿಯಲ್ಲಿರುವ ದಶರಥನಿಗೆ ಹೇಳಬೇಕು. ಅವನು ಬಸ್ಸಿನ ಕಂಡಕ್ಟರ್ ಆಗಿದ್ದವನಲ್ಲವೇ, ಸೀಟಿ ಊದಿದರೆ ಸತ್ತವರೂ ಎದ್ದು ಕೂಡಬೇಕು! ಶ್ರಾವಣದಲ್ಲಿ ಪ್ಯಾರಿಬಿ ಸಕ್ಕರೆ ಇಳಿದು ಅಡುಗೆಮನೆಯಲ್ಲಿ ಬಿದ್ದಿದ್ದಳು. ಹೀಗೆ ಬಡಿದದ್ದಕ್ಕೇ ಉಳಿದಳು.

ಯಾರಿಗೆ ಯಾವ ಬಾಗಿಲೆಂದು ಹಂಚಿದವಳು ನಾನು. ಕಸ್ತೂರಿಬಾಯಿಯ ಹೆಸರು ಬಂದಾಗ ಎಲ್ಲರೂ ನನ್ನ ಮುಖ ನೋಡಿದರು. ಪಕ್ಕದ ಮನೆಯ ಖಾಸೀಂಬಿ ಮೆಲ್ಲಗೆ, "ಆ ಮನಿ ನಿಮಗ ಬ್ಯಾಡ ಬಿಡ್ರಿ ಬಾಯಿ" ಎಂದಳು. ನನಗೆ ಅದೇ ಮನೆ ಬೇಕೆಂದೆ.

ನಿಮ್ಮಪ್ಪ ಎದೆ ಹಿಡಿದುಕೊಂಡು ಬಿದ್ದ ದಿನ ನೀನು ಇರಲಿಲ್ಲ. ಮಧ್ಯಾಹ್ನ ಮೂರು ಗಂಟೆ. ಕಸ್ತೂರಿಬಾಯಿಯ ಗಂಡ ದೌಲತರಾಯರ ಜೀಪು ಬಾಗಿಲಲ್ಲೇ ನಿಂತಿತ್ತು. ಒಳಗೆ ಟಿವಿ ಕೇಳುತ್ತಿತ್ತು. ದವಾಖಾನೆಗೆ ಒಯ್ಯಲು ಜೀಪು ಕೇಳೋಣವೆಂದು ಅಂಗೈ ಕೆಂಪಾಗುವ ತನಕ ಬಡಿದೆ. ಟಿವಿ ಬಂದ್ ಆಯಿತು, ಬಾಗಿಲು ತೆರೆಯಲಿಲ್ಲ. ನಮ್ಮಂಥವರನ್ನು ಆ ಜೀಪಿನಲ್ಲಿ ಕೂಡಿಸುವುದು ಹೇಗೆ? ಏಳು ಬಾಗಿಲು ಬಡಿದು ಆಟೋ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೂರನೆಯ ದಿನ ಬಂದು, "ಪೂಜಾಕ ಕುಂತಿದ್ನೆವ್ವಾ, ಹ್ಯಾಂಗ ಏಳ್ಲಿ?" ಎಂದಳು. ಟಿವಿ ಹಚ್ಚಿಕೊಂಡು ಮಾಡುವ ಪೂಜೆ ಅದು ಯಾವುದೋ!

ಈಗ ದೌಲತರಾಯರು ಅಫಜಲಪುರದ ಹೊಲದ ಮನೆಯಲ್ಲೇ ಹೆಚ್ಚು ಇರುತ್ತಾರೆ, ಅವಳು ಒಬ್ಬಳೇ. ನಾಲ್ಕು ತಿಂಗಳಿಂದ ದಿನಾ ಬೆಳಿಗ್ಗೆ ಅದೇ ಬಾಗಿಲು ಬಡಿಯುತ್ತೇನೆ. ಅವಳು ತೆರೆಯಲೇಬೇಕು, ನನ್ನ ಮುಖ ನೋಡಲೇಬೇಕು, "ಅದೀನ್ರಿ" ಅನ್ನಲೇಬೇಕು. ಬದುಕಿದ್ದೇನೆಂದು ನನಗೆ ವರದಿ ಒಪ್ಪಿಸುತ್ತಾಳೆ! ಮೊದಲು ಕಣ್ಣು ತಪ್ಪಿಸುತ್ತಿದ್ದಳು. ಜ್ವರ ಬಂದ ದಿನವೂ ನಾನು ಬಿಡಲಿಲ್ಲ, ಗೋಡೆ ಹಿಡಿದುಕೊಂಡು ಬಂದಳು. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು. ಆ ಮೇಲೆ ಗಂಜಿ ಮಾಡಿ ಕೊಟ್ಟೆ, ಅದು ಬೇರೆ ಮಾತು. ಸಿಸ್ಟರ್ ನನ್ನದು ದೊಡ್ಡ ಮನಸ್ಸೆಂದು ಹೊಗಳುತ್ತಾಳೆ. ಹೊಗಳಲಿ ಬಿಡು.

ಮೊನ್ನೆ ಕೂಡಿದಾಗ ಕಸ್ತೂರಿಬಾಯಿ ಎದ್ದು ನಿಂತು, "ರುಕ್ಮಿಣಿಬಾಯಿ ಬಾಗಲಕ್ಕ ಯಾರು ಹೋಗ್ತೀರಿ? ಯಾರೂ ಇಲ್ಲ. ಇನ್ನಮ್ಯಾಗ ನಾ ಹೋಗ್ತೇನಿ" ಎಂದಳು. ಹೌದು, ಎಲ್ಲರಿಗೂ ಹಂಚಿ ನನ್ನ ಹೆಸರನ್ನೇ ಬರೆದುಕೊಂಡಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಬೇಡವೆನ್ನಲು ಬಾಯಿ ತೆರೆದವಳು, ಒಂದು ವಿಚಾರ ಹೊಳೆದು ಸುಮ್ಮನಾದೆ. ಅವಳ ಪಾಳಿ ಸೋಮವಾರದಿಂದ ಸುರು.

ಮೈತ್ರಿಗೆ ಮುತ್ತು, ಅಳಿಯಂದಿರಿಗೆ ಜೈಭೀಮ. ನೀನು ನೂರು ವರ್ಷ ಬಾಳು, ಆದರೆ ಚೀರದೆ ಬಾಳು.

ನಿನ್ನ ಅವ್ವ,
ರುಕ್ಮಿಣಿಬಾಯಿ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಮುಖ್ಯ ಮಾತೇ ಉಳಿಯಿತು. ಹದಿನೇಳನೆಯ ತಾರೀಖಿಗೆ ನಿಮ್ಮಪ್ಪ ಹೋಗಿ ವರ್ಷ. ಆ ದಿನ ಬೆಳಿಗ್ಗೆ ಅವಳು ಎಷ್ಟು ಬಡಿದರೂ ನಾನು ತೆರೆಯುವುದಿಲ್ಲ, ಓ ಅನ್ನುವುದಿಲ್ಲ. ಆ ಭಾರದ ಮೈ ಹೊತ್ತು ದಶರಥನ ಮನೆಯ ತನಕ ಓಡಲಿ, ಕಂಡ ಕಂಡ ಬಾಗಿಲು ಬಡಿಯಲಿ. ಯಾರಾದರೂ ನಿನಗೆ ಫೋನ್ ಮಾಡಿ ನಿಮ್ಮವ್ವ ಹೋದಳೆಂದರೆ ಅಳಬೇಡ, ಬಸ್ಸು ಹತ್ತಬೇಡ. ಒಳಗೆ ಚಹಾ ಕುಡಿಯುತ್ತಾ ಕುಳಿತಿರುತ್ತೇನೆ.