ಧ್ವಜಕಟ್ಟೆಯ ಮೇಲೆ ಒಂದು ಹಿಂದಡಿ

ಮಲಪ್ರಭೆಯ ದಂಡೆ,
ಫೆಬ್ರವರಿ ಮೂವತ್ತು, ೨೧೮೭

ನೂರಾರು ವರ್ಷ ಹಿಂದಿನ ಶಿಕ್ಷಕ ಬಂಧುಗಳಿಗೆ, ಬಸಲಿಂಗ ಹೊಂಬಳ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ವರ್ಷದ ಕೊನೆಗೆ ರಜೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರ ಅನಿಸಿದರೆ ಕ್ಷಮೆ ಇರಲಿ. ನಾನು ಸರ್ಕಾರಿ ಶಾಲೆಯ ಕವಾಯತು ಮಾಸ್ತರ. ಇಪ್ಪತ್ತಾರು ವರ್ಷದಿಂದ ಬೆಳಗಿನ ಪ್ರಾರ್ಥನೆ ನಡೆಸುತ್ತಿದ್ದೇನೆ.

ಬಿಸಿಲಿಗೆ ಹೆದರಿ ನಮ್ಮ ಶಾಲೆಗಳು ಆರಕ್ಕೇ ತೆರೆಯುತ್ತವೆ. ಮಕ್ಕಳು ರಾಗಿಹಾಲು ಕುಡಿದು, ಬಾಯಿ ಒರೆಸಿಕೊಂಡು, ಅಂಗಳಕ್ಕೆಲ್ಲ ಹೊದಿಸಿದ ನೆರಳುಬಟ್ಟೆಯ ಕೆಳಗೆ ಸಾಲಾಗುತ್ತಾರೆ. ಪ್ರತಿಜ್ಞೆಯ ನಾಲ್ಕನೆಯ ವಾಕ್ಯಕ್ಕೆ ನಾವು ಸಾಕ್ಷಿಮಾತು ಎನ್ನುತ್ತೇವೆ: ‘ಮೇಲಿರುವವನ ಸಾಕ್ಷಿಯಾಗಿ ಈ ನಾಡನ್ನು ಪ್ರೀತಿಸುತ್ತೇನೆ.’ ಯಾವ ದೇವರ ಹೆಸರೂ ಇಲ್ಲವಲ್ಲ, ಯಾರಿಗೂ ನೋಯದು ಎಂದು ಹಿರಿಯರು ಸೇರಿಸಿದ್ದಂತೆ. ಒಲ್ಲದ ಮನೆಯ ಮಕ್ಕಳನ್ನು ಮೊದಲೆಲ್ಲ ನಳದ ಕಡೆ ಕಳಿಸುತ್ತಿದ್ದರು. ಅದು ಸರಿ ಕಾಣದೆ ಹಿಂದಡಿ ಬಂತು. ಆ ವಾಕ್ಯದ ಹೊತ್ತಿಗೆ ಒಂದು ಹೆಜ್ಜೆ ಹಿಂದೆ ಸರಿದು ಸುಮ್ಮನಿರುವುದು, ಮುಗಿದ ಮೇಲೆ ಮುಂದೆ ಬರುವುದು. ದಯೆಯಿಂದ ಮಾಡಿದ ನಿಯಮ. ಯಾರ ಮನೆಯ ಮಗು ಎಂದು ಊರಿಗೆಲ್ಲ ಗೊತ್ತಾಗುತ್ತಿತ್ತು, ಅಷ್ಟೇ.

ನಮ್ಮಲ್ಲಿ ಹಿಂದಡಿ ಇಡುತ್ತಿದ್ದವಳು ಆರನೆಯ ತರಗತಿಯ ಇಂಚರಾ ಕಡೇಮನಿ ಒಬ್ಬಳೇ. ಅವಳ ತಾಯಿ ದವಾಖಾನೆಯಲ್ಲಿ ನರ್ಸ್. ಶಾಲೆಗೆ ಸೇರಿಸಿದ ದಿನವೇ ಹೇಳಿದ್ದರು, “ನಮ್ಮ ಮನ್ಯಾಗ ದೇವ್ರಿಲ್ರೀ ಸರ. ಹಂಗಂತ ದೇಶಾನೂ ಇಲ್ಲಂತ ತಿಳ್ಕೋಬ್ಯಾಡ್ರಿ.” ಹುಡುಗಿಯ ದನಿ ಗಂಟೆಯ ಹಾಗಿತ್ತು. ಹೋದ ಆಗಸ್ಟ್ ಹದಿನೈದರಂದು ಪ್ರತಿಜ್ಞೆ ಹೇಳಿಕೊಡಲು ಅವಳನ್ನೇ ಧ್ವಜಕಟ್ಟೆ ಹತ್ತಿಸಿದೆ. ನನಗೆ ದನಿಯಷ್ಟೇ ನೆನಪಿತ್ತು, ಹಿಂದಡಿ ಮರೆತಿದ್ದೆ. ಅವಳು ಮರೆತಿರಲಿಲ್ಲ. ಮೂರು ವಾಕ್ಯ ಹೇಳಿಕೊಟ್ಟು, ನಾನು ಕಲಿಸಿದ ಹಾಗೆಯೇ ಒಂದು ಹೆಜ್ಜೆ ಹಿಂದೆ ಇಟ್ಟಳು. ಕಟ್ಟೆ ಅಲ್ಲಿಗೇ ಮುಗಿದಿತ್ತು.

ಪ್ರತಿಜ್ಞೆಯ ನಡುವೆ ಅಲುಗಬಾರದು ಎಂಬುದೂ ನಾನೇ ಕಲಿಸಿದ್ದು. ಮುನ್ನೂರು ಮಕ್ಕಳು ಅಲುಗಲಿಲ್ಲ. ಸಾಕ್ಷಿಮಾತು ಬಾಯಿಪಾಠವಿತ್ತು, ತಾವೇ ಹೇಳಿದರು. ಉಳಿದೆರಡು ವಾಕ್ಯವನ್ನೂ ಹೇಳಿದರು. ನಾನೂ ಎದೆಯ ಮೇಲೆ ಕೈಯಿಟ್ಟು ಹೇಳಿದೆ. ಕಟ್ಟೆಯ ಹಿಂದಿನಿಂದ “ಯವ್ವಾ” ಎನ್ನುವುದು ಮೈಕಿನಲ್ಲೂ ಕೇಳುತ್ತಿತ್ತು. ರಾಷ್ಟ್ರಗೀತೆ ಮುಗಿದ ಮೇಲೆ ಓಡಿದೆ. ಮುಂಗೈ ಮುರಿದಿತ್ತು. ಆವತ್ತು ನನಗೇನೂ ಅನಿಸಲಿಲ್ಲ. ಈಗ ಬರೆಯುವಾಗಲೂ ಅನಿಸುತ್ತಿಲ್ಲ, ನನ್ನ ಭಯ ಅದೇ.

ತಿಂಗಳ ಮೇಲೆ ಕೈಗೆ ಪಟ್ಟಿ ಕಟ್ಟಿಕೊಂಡು ಬಂದಳು. ಸಾಲಿನಲ್ಲಿ ನಿಂತು, ಸಾಕ್ಷಿಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದಳು. “ಅಂತೂ ಬಗೀಹರೀತ ನೋಡ್ರಿ” ಎಂದರು ಹೆಡ್‌ಮಾಸ್ತರರು. ನಾನು ಹೂಂ ಎಂದೆ. ಈಗ ನಮ್ಮ ಶಾಲೆಯಲ್ಲಿ ಹಿಂದಡಿ ಇಡುವವರು ಯಾರೂ ಇಲ್ಲ. ಇಂಚರಾ ನನಗೆ ದಿನಾ ನಮಸ್ಕಾರ ಹೇಳುತ್ತಾಳೆ, ಮುಖ ಮಾತ್ರ ನೋಡುವುದಿಲ್ಲ.

ನಿಮ್ಮ ಪ್ರತಿಜ್ಞೆಯಲ್ಲಿ ಯಾವ ಮಾತಿರಬೇಕು, ಯಾವುದು ಬೇಡ ಎಂದು ಹೇಳುವಷ್ಟು ದೊಡ್ಡವನಲ್ಲ ನಾನು. ಒಂದೇ ಕೋರಿಕೆ. ನಡುವೆ ಮಗುವೊಂದು ಬಿದ್ದರೆ ಸೀಟಿ ಊದಿ ಎಲ್ಲವನ್ನೂ ನಿಲ್ಲಿಸಿಬಿಡಿ. ನನ್ನ ಸೀಟಿ ಕೊರಳಲ್ಲೇ ಇತ್ತು.