ಅವ್ವನ ಬಲಗೈ ಬಡಿದ ರೊಟ್ಟಿ

ಕೋಥರೂಡ, ೨೦೦೪

ಬಸಣ್ಣಾ,

ನೀನು ವಿಳಾಸ ಕೊಡದೆ ಹೋದದ್ದರಿಂದ ಒಂದು ಅನುಕೂಲವಾಗಿದೆ. ಬಾಯಿಗೆ ಬಂದಂತೆ ಬೈಯಬಹುದು.

ಲಕ್ವಾ ಹೊಡೆದು ಅವ್ವನ ಬಲಗೈ ಬಿದ್ದುಹೋದಾಗ ಶಿವಾಜಿನಗರದ ಡಾಕ್ಟರು ಹೇಳಿದ್ದು ನೆನಪಿದೆಯೇ? ಎಡಗೈ ಕಟ್ಟಿ ಬಲಗೈಯಿಂದಲೇ ಕೆಲಸ ಮಾಡಿಸಿದರೆ ಮಿದುಳು ಹೊಸ ದಾರಿ ಮಾಡಿಕೊಳ್ಳುತ್ತದೆ ಎಂದಿದ್ದರು. ನಾನು ಟವೆಲಿನಿಂದ ಕಟ್ಟಿದೆ. ಅವ್ವ ಅತ್ತಳು. ನೀನು ಚೀನಾದ ತಾವೋ ಪುಸ್ತಕ ಹಿಡಿದುಕೊಂಡು, "ಒತ್ತಾಯ ಮಾಡಬ್ಯಾಡ, ನೀರು ತನ್ನ ದಾರಿ ತಾನ ಹುಡುಕತದ" ಎಂದೆ. ಆಮೇಲೆ ನೀನೇ ನೀರಾಗಿ ಹರಿದುಹೋದೆ.

ಇವತ್ತು ಬೆಳಿಗ್ಗೆ ಅವ್ವ ಮತ್ತೆ ಚಮಚ ಕೆಡವಿದಳು. ನನಗೆ ಸಾಕಾಗಿ ಟವೆಲು ಬಿಚ್ಚಿ ಎಸೆದು ರೊಟ್ಟಿ ಬಡಿಯಲು ಕುಳಿತೆ. ಸಿಟ್ಟಿನಲ್ಲಿ ಬಡಿತ ತಪ್ಪುತ್ತಿತ್ತು. ಆ ಸಪ್ಪಳ ಕೇಳಿ ಅವ್ವನಿಗೆ ತಡೆಯಲಾಗಲಿಲ್ಲ. "ಹಿಂಗ ಬಡಿತಾರೇನ? ಸರಿ ಅತ್ಲಾಗ" ಎಂದು ಪಕ್ಕದಲ್ಲಿ ಕುಳಿತು ಹಿಟ್ಟಿನ ಮೇಲೆ ಕೈಯಿಟ್ಟಳು. ಬಲಗೈ! ಸೊಟ್ಟಗೆ, ನಿಧಾನವಾಗಿ ರೊಟ್ಟಿ ಅಗಲವಾಯಿತು.

ನೀನು ಇಲ್ಲಿದ್ದಿದ್ದರೆ, ಕಟ್ಟು ಬಿಚ್ಚಿದ ಮೇಲೇ ಆಯಿತಲ್ಲ ಎಂದು ನಗುತ್ತಿದ್ದೆ. ನಗಬೇಡ. ನೀರು ಹರಿಯಿತು, ಸರಿ. ಇಷ್ಟು ತಿಂಗಳು ಬೈಸಿಕೊಂಡು ಕಾಲುವೆ ತೋಡಿದವಳು ನಾನು.

ಎರಡನೇ ಉಂಡೆಗೆ ಕೈ ಹಾಕುತ್ತ ಅವ್ವ ಕೇಳಿದಳು, "ಬಸು ಎದ್ದಾನೇನ? ಬಿಸೀದು ತಿನ್ನಲಿ."

"ಏಳತಾನ, ನೀ ಬಡಿ" ಎಂದೆ.

ನೀನು ಮನೆಯಲ್ಲಿಲ್ಲ ಎಂಬುದನ್ನು ಆ ಮಿದುಳಿಗೆ ಕಲಿಸುವುದು ನನ್ನಿಂದಾಗಿಲ್ಲ. ಅದನ್ನಾದರೂ ನೀನೇ ಬಂದು ಹೇಳು.

ನಿನ್ನ ತಂಗಿ ರಂಜನಾ