ನಿಮ್ಮ ಕುಂಬಳಕಾಯಿಯೂ ನಮ್ಮ ಸಿರಿಲ್‌ನ ಕಣ್ಣೂ

ಹಾಲಿವುಡ್ಡಿನ ಸ್ಟುಡಿಯೋ ಒಂದರ ಮರುನಿರ್ಮಾಣ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನೀವು ನಮ್ಮ ಸಿನಿಮಾವನ್ನು ಕೊಂದಿದ್ದೀರಿ. ಕೊಂದದ್ದಲ್ಲದೆ ಹೆಣವನ್ನೂ ಬಚ್ಚಿಟ್ಟಿದ್ದೀರಿ. ನಮ್ಮೂರಿನ ಕಥೆಯಿಟ್ಟುಕೊಂಡು ನಾಲ್ಕು ವರ್ಷದ ಹಿಂದೆ ಬಂದ ಹಾಸ್ಯಚಿತ್ರವನ್ನು ಅಮೆರಿಕದವರಿಗೆಂದು ಹೊಸದಾಗಿ ತೆಗೆದಿರಿ. ಹಳೆಯದನ್ನು ಎಲ್ಲಿಯೂ ತೋರಿಸಕೂಡದೆಂದು ಕರಾರು ಬರೆಸಿಕೊಂಡಿರಿ. ಸೆಪ್ಟೆಂಬರಿನ ಎರಡನೇ ಶನಿವಾರ ನಮ್ಮ ಗಣಿ ಕಾರ್ಮಿಕರ ಕ್ಲಬ್ಬಿನಲ್ಲಿ ಅದನ್ನು ಒಂದೇ ಒಂದು ಸಲ ತೋರಿಸಲು ಅಪ್ಪಣೆ ಕೇಳಿದ್ದಕ್ಕೆ ನಿಮ್ಮ ವಕೀಲರು ಹನ್ನೊಂದು ಪುಟ ತುಂಬ ‘ಇಲ್ಲ’ ಎಂದು ಬರೆದು ಕಳಿಸಿದ್ದಾರೆ. ನಾವು ಕೇಳಿದ್ದು ಒಬ್ಬ ಮುದುಕನಿಗಾಗಿ. ಸಿರಿಲ್ ಹೆಪಲ್‌ಗೆ ಈಗ ಎಂಬತ್ತೊಂದು. ಇರುವುದು ಒಂದೇ ಕಣ್ಣು, ಅದೂ ಕ್ರಿಸ್‌ಮಸ್‌ವರೆಗೆ ಉಳಿದರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದಾರೆ. ಇನ್ನೊಂದು ಕಣ್ಣು ತೆಗೆದವನು ನನ್ನ ಗಂಡ ವಿಲ್ಫ್. ಆ ಕಣ್ಣು ಹೋದ ಕಥೆಯೇ ನಮ್ಮ ಸಿನಿಮಾ.

ನಿಮಗೆ ಲೀಕ್ ಎಂದರೆ ಸೂಪಿಗೆ ಹಾಕುವ ತರಕಾರಿ, ಈರುಳ್ಳಿಯ ದೂರದ ನೆಂಟ. ಇಂಗ್ಲೆಂಡಿನ ಉತ್ತರದ ನಾರ್ದಂಬರ್‌ಲ್ಯಾಂಡಿನ ಗಣಿ ಊರುಗಳಲ್ಲಿ ಅದು ಗಂಡಸಿನ ಮಾನ. ವರ್ಷವಿಡೀ ಮಗುವಿನಂತೆ ಸಾಕಿ, ತೊಡೆಯಷ್ಟು ದಪ್ಪ ಮಾಡಿ, ಸೆಪ್ಟೆಂಬರಿನಲ್ಲಿ ಕ್ಲಬ್ಬಿನ ಮೇಜಿನ ಮೇಲೆ ತೊಳೆದಿಟ್ಟು ಎದೆಯುಬ್ಬಿಸಿ ನಿಲ್ಲುತ್ತಾರೆ. ಗೊಬ್ಬರಕ್ಕೆ ಏನು ಹಾಕುತ್ತಾನೆಂದು ಗಂಡ ಹೆಂಡತಿಗೂ ಹೇಳುವುದಿಲ್ಲ. ಪೈಪೋಟಿಯವನ ಲೀಕನ್ನು ಕದ್ದು ಕೊಯ್ದು ಹಾಕುವುದು ನಮ್ಮಲ್ಲಿ ಕೊಲೆಯ ನಂತರದ ಅಪರಾಧ. ಎಷ್ಟೋ ಜನರ ಲೆಕ್ಕದಲ್ಲಿ ಕೊಲೆಗಿಂತ ಮೊದಲಿನದು. ಹಾಗೆ ಕೊಯ್ದದ್ದು ಕಂಡಾಗ ಯಾರನ್ನು ಸಂಶಯಿಸಬೇಕೆಂಬುದಕ್ಕೂ ಒಂದು ಕಟ್ಟಳೆ ಉಂಟು. ಮೊದಲು ಬಂದು ‘ಅಯ್ಯೋ ಪಾಪ’ ಎಂದವನೇ ಕಳ್ಳ.

ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ, ಪ್ರದರ್ಶನಕ್ಕೆ ಮೂರು ದಿನವಿರುವಾಗ, ಬೆಳಗ್ಗೆ ವಿಲ್ಫ್ ಲೀಕು ಕಾಯಲು ಮಲಗುತ್ತಿದ್ದ ತೋಟದ ಗುಡಿಸಲಿನಿಂದ ಹೊರಗೆ ಬಂದು ನೋಡುತ್ತಾನೆ, ಆರು ಲೀಕು ಕೊರಳು ಕತ್ತರಿಸಿ ಬಿದ್ದಿವೆ. ಪಕ್ಕದ ತುಂಡು ಜಮೀನು ಸಿರಿಲ್‌ನದು. ಅವನು ಬೇಲಿಯ ಮೇಲಿಂದ ಬಗ್ಗಿ, ಟೋಪಿ ತೆಗೆದು, “ಅಯ್ಯೋ ವಿಲ್ಫ್, ನಂಗೆ ತುಂಬಾ ಬೇಜಾರಾಯ್ತು ಕಣೋ” ಎಂದ. ಮರ್ಯಾದಸ್ಥ ಮನುಷ್ಯ, ಬಾಯಿ ಮುಚ್ಚಿಕೊಂಡಿರಲು ಬರಲಿಲ್ಲ. ವಿಲ್ಫ್ ಸಲಿಕೆಯಲ್ಲಿ ಅವನ ಮುಖಕ್ಕೆ ಬಾರಿಸಿದ. ಸಿರಿಲ್ ಸಸಿ ಬೆಳೆಸುವ ತನ್ನದೇ ಗಾಜಿನ ಮನೆಯ ಮೇಲೆ ಬಿದ್ದ. ಗಾಜು ಎಡಗಣ್ಣಿಗೆ ಹೋಯಿತು. ರಕ್ತ ಸುರಿಸಿಕೊಂಡೇ ಎದ್ದು, ತುಂಬಿದ ನೀರಿನ ಕ್ಯಾನೆತ್ತಿ ವಿಲ್ಫ್‌ನ ಮೂರು ಹಲ್ಲುದುರಿಸಿದ, ಎರಡು ಪಕ್ಕೆಲುಬು ಮುರಿದ, ಕೆಳಗೆ ಕೆಡವಿ ಅವನ ಬಾಯಿಗೆ ಮಣ್ಣು ತುರುಕಿದ. ವಿಲ್ಫ್ ಅವನ ಹೆಬ್ಬೆರಳು ಕಚ್ಚಿ ಮೂಳೆ ಕಾಣಿಸಿದ. ಕೈ ಸೋತಾಗ ಇಬ್ಬರೂ ಬೇಲಿಗೊರಗಿ ಕೂತರು.

“ವಿಲ್ಫ್, ಎಡಗಡೆ ಏನೂ ಕಾಣ್ತಿಲ್ಲ ಕಣೋ.”

“ರಕ್ತ ಕಣೋ, ಒರೆಸ್ಕೋ.”

“ಒರೆಸ್ದೆ. ಆದ್ರೂ ಕಾಣ್ತಿಲ್ಲ.”

ಆಗ ವಿಲ್ಫ್ ಅತ್ತ. ಸಾಯುವವರೆಗೂ ಅದನ್ನೇ ನೆನೆಸಿಕೊಂಡು ಅತ್ತ. ಆದರೆ ಪೊಲೀಸಿನವನು ಬಂದು ಏನಾಯಿತೆಂದಾಗ ಸಿರಿಲ್ ಹೇಳಿದ್ದು, “ಕಾಲು ಜಾರಿ ಗಾಜಿನ ಮೇಲೆ ಬಿದ್ದೆ ಸ್ವಾಮಿ.” “ಮತ್ತೆ ಇವನ ಹಲ್ಲು?” “ಅವನೂ ಬಿದ್ದ.” ಆಂಬುಲೆನ್ಸಿನಲ್ಲಿ ಆಸ್ಪತ್ರೆ ಮುಟ್ಟುವವರೆಗೂ ಇಬ್ಬರೂ ಲೀಕಿಗೆ ಕುರಿ ರಕ್ತ ಒಳ್ಳೆಯದೋ ಬಿಯರ್ ಒಳ್ಳೆಯದೋ ಎಂದು ಜಗಳವಾಡಿದರಂತೆ.

ನಮ್ಮ ನಿರ್ದೇಶಕ ಕ್ಲಬ್ಬಿನ ಬಾರಿನಲ್ಲಿ ಇದನ್ನು ಕೇಳಿಸಿಕೊಂಡು ಸಿನಿಮಾ ಮಾಡಿದ. ಅದರಲ್ಲಿ ಒಬ್ಬರೂ ಸಾಯುವುದಿಲ್ಲ. ಆದರೆ ಬಿದ್ದ ಪ್ರತಿಯೊಂದು ಏಟೂ ನೋಯುತ್ತದೆ. ನೋಯುವುದರಿಂದಲೇ ನಗು ಬರುತ್ತದೆ, ನಕ್ಕ ಮೇಲೆ ನಾಚಿಕೆಯಾಗುತ್ತದೆ. ಲೀಕು ಕೊಯ್ದವರು ಯಾರೆಂದು ಅದು ಹೇಳುವುದೂ ಇಲ್ಲ, ಕೇಳುವುದೂ ಇಲ್ಲ. ವಿಲ್ಫ್, ಸಿರಿಲ್ ಇಬ್ಬರೂ ಮೊದಲ ಸಾಲಿನಲ್ಲಿ ಕೂತು ನೋಡಿದರು. ಸಲಿಕೆ ಬೀಸುವ ಕಡೆ ವಿಲ್ಫ್ ಮುಖ ಮುಚ್ಚಿಕೊಂಡ. ಸಿರಿಲ್ ಅವನ ಕೈ ಕಿತ್ತು, “ನೋಡೋ, ಚೆನ್ನಾಗಿ ನೋಡೋ ಕತ್ತೆ!” ಎಂದು ಕೂಗಿ ಬಿದ್ದು ಬಿದ್ದು ನಕ್ಕ. ವಿಲ್ಫ್ ಹೋಗಿ ಎರಡು ವರ್ಷವಾಯಿತು. ಸಿರಿಲ್ ಇನ್ನೊಮ್ಮೆ ಅದನ್ನು ನೋಡಬೇಕೆಂದು ಕೇಳುತ್ತಿದ್ದಾನೆ.

ಇನ್ನು ನಿಮ್ಮ ಮಹತ್ಕೃತಿ. ಬಸ್ಸು ಹತ್ತಿ ನ್ಯೂಕ್ಯಾಸಲ್‌ಗೆ ಹೋಗಿ ನೋಡಿ ಬಂದೆ. ಲೀಕು ನಿಮ್ಮವರಿಗೆ ಅರ್ಥವಾಗದೆಂದು ಕುಂಬಳಕಾಯಿ ಮಾಡಿದಿರಿ. ಸರಿ, ತರಕಾರಿಗೆ ತರಕಾರಿ. ಸಲಿಕೆಗೆ ಬದಲು ಬಂದೂಕೇ ಏಕೆ ಬೇಕಾಯಿತು? ಮೊದಲ ಅರ್ಧ ಗಂಟೆಯಲ್ಲಿ ನಾಲ್ಕು ಹೆಣ ಬಿದ್ದವು. ಎಣಿಸಿದೆ, ಒಟ್ಟು ಹತ್ತೊಂಬತ್ತು. ತಲೆ ಹಾರುತ್ತದೆ, ಕುಂಬಳಕಾಯಿಯೂ ಹಾರುತ್ತದೆ, ಎರಡಕ್ಕೂ ಜನ ಒಂದೇ ನಗು ನಗುತ್ತಾರೆ. ನನ್ನ ವಿಲ್ಫ್‌ನ ಪಾತ್ರದವನಿಗೆ ಮೂವತ್ತೆರಡು ಬಿಳಿ ಹಲ್ಲು, ಕೊನೆಯವರೆಗೂ ಅಷ್ಟೂ ಭದ್ರ. ಇಷ್ಟು ಜನರನ್ನು ಕೊಂದವನ ಅಂಗಿಯ ಇಸ್ತ್ರಿ ಕೂಡ ಕೆಡುವುದಿಲ್ಲವೆಂದರೆ, ಮಾನ್ಯರೇ, ನೀವು ಯಾವತ್ತಾದರೂ ಒಬ್ಬ ಮನುಷ್ಯನಿಗೆ ಹೊಡೆದಿದ್ದೀರಾ? ಅಥವಾ ಹೊಡೆಸಿಕೊಂಡಿದ್ದೀರಾ?

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬಯ್ದುಕೊಂಡು ಸುಮ್ಮನಿರುತ್ತಿದ್ದೆ. ನಿಮ್ಮ ಪ್ರೇಕ್ಷಕರಿಗೆ ಕಳ್ಳ ಸಿಗದೆ ನಿದ್ದೆ ಬರುವುದಿಲ್ಲವಂತೆ. ಅದಕ್ಕೆ ಕೊನೆಯಲ್ಲಿ ಪಕ್ಕದ ಮನೆಯವನ ಕೈಗೆ ಕುಡುಗೋಲು ಕೊಟ್ಟು, ‘ಹೌದು, ನಾನೇ!’ ಎಂದು ಗಹಗಹಿಸುವಂತೆ ಮಾಡಿ, ಕುಂಬಳಕಾಯಿ ಅರೆಯುವ ಯಂತ್ರಕ್ಕೆ ತಲೆಕೆಳಗಾಗಿ ತಳ್ಳಿಸಿದಿರಿ. ಚಿತ್ರಮಂದಿರ ಚಪ್ಪಾಳೆ ತಟ್ಟಿತು. ಎಲ್ಲರ ಹೆಸರೂ ಬದಲಿಸಿದ ತಾವು ಅವನ ಹೆಸರನ್ನು ಮಾತ್ರ ಸಿರಿಲ್ ಎಂದೇ ಉಳಿಸಿಕೊಂಡಿರಿ. ಖಳನಿಗೆ ಒಪ್ಪುವ ಹೆಸರೆಂದು ತೋರಿರಬೇಕು. ಮೇಲೆ, ‘ನಡೆದ ಘಟನೆಯನ್ನು ಆಧರಿಸಿದ್ದು’ ಎಂದು ದಪ್ಪಕ್ಷರದ ಮುದ್ರೆ.

ಸಿರಿಲ್ ಈಗಿರುವ ವೃದ್ಧಾಶ್ರಮದವರೂ ಅದನ್ನು ನೋಡಿದರು. ಮಾರನೆಯ ದಿನ ತಿಂಡಿಗೆ ಕೂತಾಗ ಒಬ್ಬ, “ಏನೋ ಸಿರಿಲ್, ಅಂತೂ ನೀನೇ ಅನ್ನು! ಇಷ್ಟು ವರ್ಷ ಸಾಚಾ ಥರ ಇದ್ಯಲ್ಲೋ” ಎಂದನಂತೆ. ಎಂಬತ್ತೊಂದರ ಮುದುಕ ಬಿಸಿ ಗಂಜಿಯ ಬಟ್ಟಲನ್ನು ಅವನ ಮುಖಕ್ಕೆ ಎಸೆದು, ಎದ್ದು ಗುದ್ದಿದ. ಗುದ್ದಿದ ಕೈಯ ಬೆರಳು ಮುರಿಯಿತು. ಅಂದಿನಿಂದ ಅವನನ್ನು ಕೋಣೆಯಲ್ಲೇ ಊಟಕ್ಕೆ ಕೂರಿಸುತ್ತಾರೆ.

ಅವನು ಕೊಯ್ಯಲಿಲ್ಲ, ಮಾನ್ಯರೇ. ನನಗೆ ಹೇಗೆ ಗೊತ್ತೆಂದರೆ, ಕೊಯ್ದವಳು ನಾನು.

ಆ ವಾರ ನನ್ನ ಅಪ್ಪನ ಮಣ್ಣಾಗಿತ್ತು. ಗಣಿಯ ಧೂಳು ತುಂಬಿ ಉಸಿರಿಗಾಗಿ ಹೊಡೆದುಕೊಂಡು ಸತ್ತವನು. ವಿಲ್ಫ್ ಉಗುರಿನಲ್ಲಿ ಮಣ್ಣಿಟ್ಟುಕೊಂಡು ಇಗರ್ಜಿಗೆ ತಡವಾಗಿ ಬಂದ. ನೀರು ಹಾಕುವ ಹೊತ್ತಾಯಿತೆಂದು ಚಹಾಕ್ಕೂ ನಿಲ್ಲದೆ ಹೋದ. ಮೂರು ವಾರದಿಂದ ಅವನ ಹಾಸಿಗೆ ಆ ಗುಡಿಸಲಿನಲ್ಲೇ. ನಸುಕಿನಲ್ಲಿ ನಾನು ಹೋದಾಗ ಗೊರಕೆ ಹೊಡೆಯುತ್ತಿದ್ದ. ಒಂದೊಂದು ಲೀಕನ್ನೂ ತಲೆ ಹಿಡಿದೆತ್ತಿ ಕುಯ್ದೆ. ಸುಳ್ಳು ಹೇಳುವುದಿಲ್ಲ, ಸುಖವಾಯಿತು. ಅವನ ಕೊರಳೇ ಕೈಗೆ ಸಿಕ್ಕಿದಷ್ಟು ಸುಖ. ಮನೆಗೆ ಬಂದು ಕೈ ತೊಳೆದು ಚಹಾಕ್ಕೆ ನೀರಿಟ್ಟೆ. ಗಾಜೊಡೆದ ಸದ್ದು ಅಡುಗೆಮನೆಗೆ ಕೇಳಿಸಿತು. ಓಡಿ ಹೋಗಿ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಕಣ್ಣು ಹೋದದ್ದು ತಿಳಿದ ಮೇಲೆ ಬಾಯಿ ಪೂರ್ತಿ ಕಟ್ಟಿಹೋಯಿತು. ವಿಲ್ಫ್ ಸಾಯುವಾಗಲೂ ಹೇಳದಷ್ಟು ಹೇಡಿ ನಾನು.

ಈ ಪತ್ರದ ಪ್ರತಿ ಪೇಪರಿನವರಿಗೂ ಹೋಗುತ್ತಿದೆ. ಅದರಲ್ಲಿ ಓದಿ ತಿಳಿಯುವುದು ಬೇಡವೆಂದು ಮೊನ್ನೆ ಮಂಗಳವಾರ ಸಿರಿಲ್‌ನ ಕೋಣೆಗೆ ಹೋಗಿ ಹೇಳಿದೆ.

“ಯಾತ್ರಲ್ಲಿ ಕೊಯ್ದೆ?”

“ಬ್ರೆಡ್ಡು ಕೊಯ್ಯೋ ಚಾಕು.”

“ಅದಕ್ಕೇ ಹಲ್ಲುಹಲ್ಲಾಗಿತ್ತು. ನಾನಾಗಿದ್ರೆ ಒಂದೇ ಏಟು. ಆ ವಿಲ್ಫ್ ಮುಂಡೇದಕ್ಕೆ ಕೊಯ್ತ ನೋಡಾದ್ರೂ ಗೊತ್ತಾಗ್ಬಾರ್ದಾಗಿತ್ತಾ?”

ಆಮೇಲೆ ಮುರಿಯದ ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದು ತಿರುಚಿದ. “ನನ್ನ ಕಣ್ಣು ಕಣೇ ಐರೀನ್. ನನ್ನ ಕಣ್ಣು!” ನಾನು ಬಿಡಿಸಿಕೊಳ್ಳಲಿಲ್ಲ. ಬರೆಯುತ್ತಿರುವ ಈ ಕೈ ಇನ್ನೂ ನೀಲಿಗಟ್ಟಿದೆ. ಅವನೇ ಬಿಟ್ಟ. “ಹೋಗು ಇಲ್ಲಿಂದ” ಎಂದ. ಬಾಗಿಲವರೆಗೆ ಹೋಗಿದ್ದೆ.

“ಸಿನಿಮಾ ಯಾವತ್ತು?”

“ತೋರ್ಸಕ್ಕೆ ಬಿಡ್ತಿಲ್ಲ ಅವ್ರು.”

“ಬಿಟ್ರೆ ಹೇಳು, ಬರ್ತೀನಿ. ನಿನ್ನ ಪಕ್ಕ ಮಾತ್ರ ಕೂರಲ್ಲ.”

ಆದ್ದರಿಂದ ಮಾನ್ಯರೇ, ಇದು ಬೇಡಿಕೆ, ಬಿನ್ನಹವಲ್ಲ. ನಿಮ್ಮ ಖಳನಿಗೆ ಬೇರೆ ಹೆಸರಿಡಿ. ‘ನಡೆದ ಘಟನೆ’ ಎಂಬ ಸಾಲನ್ನು ಅಳಿಸಿ. ನಡೆದದ್ದೇನೆಂದು ಮೇಲೆ ಬರೆದಿದ್ದೇನೆ. ಕಳ್ಳ ಬೇಕೇ ಬೇಕೆಂದಿದ್ದರೆ ನನ್ನ ಹೆಸರು ಹಾಕಿಕೊಳ್ಳಿ, ಯಂತ್ರಕ್ಕೂ ನನ್ನನ್ನೇ ತಳ್ಳಿ, ತಕರಾರಿಲ್ಲ. ನಮ್ಮ ಸಿನಿಮಾವನ್ನು ಆ ಒಂದು ಶನಿವಾರಕ್ಕೆ ಬಿಟ್ಟುಕೊಡಿ. ಬಿಡದಿದ್ದರೂ ಸಂಜೆ ನಾಲ್ಕಕ್ಕೆ ಕ್ಲಬ್ಬಿನಲ್ಲಿ ಅದು ನಡೆಯುತ್ತದೆ, ನಮ್ಮಲ್ಲೊಂದು ಪ್ರತಿ ಉಳಿದಿದೆ. ಸಿರಿಲ್ ಮೊದಲ ಸಾಲಿನಲ್ಲಿರುತ್ತಾನೆ. ನಾನು ಹೊರಬಾಗಿಲಲ್ಲಿ ನಿಂತಿರುತ್ತೇನೆ. ನಿಮ್ಮ ವಕೀಲರೋ ಪೊಲೀಸರೋ ಯಾರು ಬಂದರೂ ಮೊದಲು ಸಿಗುವವಳು ನಾನೇ. ಈ ಸಲವಾದರೂ ಏಟು ಬೀಳಬೇಕಾದವಳಿಗೇ ಬೀಳಲಿ.

ಇಂತಿ,
ನಿಮ್ಮ ಚಿತ್ರದಲ್ಲಿ ಇಪ್ಪತ್ತೆಂಟರ ಸುಂದರಿ, ಇಲ್ಲಿ ಎಪ್ಪತ್ತನಾಲ್ಕರ ಅಪರಾಧಿ,
ಐರೀನ್ ಹೆಸ್ಲಪ್